ನೈನ್ ಸಿಂಗನ ಉಡುಪು ಹೊಲಿದುಕೊಡು, ಚಂದ್ರು

ಪ್ರೀತಿಯ ಚಂದ್ರು,

ನಿನ್ನಿಂದ ಒಂದು ಉಡುಪು ಹೊಲಿಸಿಕೊಳ್ಳಬೇಕಾಗಿದೆ. ಈ ಸಲ ರಂಗದ ಮೇಲೆ ತೊಡುವುದಕ್ಕಲ್ಲ, ಬೆಟ್ಟ ಹತ್ತುವುದಕ್ಕೆ. ಯಾರ ಉಡುಪು, ಯಾಕೆ ಎಂಬುದನ್ನು ಫೋನಿನಲ್ಲಿ ಹೇಳಿ ಮುಗಿಸುವಂತಿಲ್ಲ. ಹಾಗಾಗಿ ಈ ಪತ್ರ. ನಮ್ಮ ಬಳಗದ ಉಳಿದವರೂ ಓದಲಿ ಎಂದು ಎಲ್ಲರ ಮುಂದೆ ಇಡುತ್ತಿದ್ದೇನೆ.

ನಾನು ಕಳುಹಿಸಿದ ಫೋಟೊ ನೋಡಿ ಸಿನಿಮಾ ಚಿತ್ರೀಕರಣವೇ ಎಂದು ಕೇಳಿದ್ದೆಯಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಅನ್ವೇಷಕರಂತೆ ಉಡುಪು ತೊಟ್ಟು ಚಾರಣ ಹೋಗುವವರ ಸಣ್ಣ ಗುಂಪೊಂದಿದೆ. ಅವರ ಜೊತೆ ನಾನೂ ಸೇರಿಕೊಂಡಿದ್ದೇನೆ. ಹೆಚ್ಚಾಗಿ ಹೋಗುವುದು ಲೇಕ್ ಡಿಸ್ಟ್ರಿಕ್ಟಿನ ವಾಸ್ಡೇಲ್ ಹೆಡ್ ಕಡೆಗೆ. 1886ರಲ್ಲಿ ವಾಲ್ಟರ್ ಹ್ಯಾಸ್ಕೆಟ್ ಸ್ಮಿತ್ ಎಂಬಾತ ನೇಪ್ಸ್ ನೀಡಲ್ ಎಂಬ ಚೂಪು ಬಂಡೆಯನ್ನು ಒಬ್ಬನೇ, ಹಗ್ಗವೂ ಇಲ್ಲದೆ ಹತ್ತಿ ಇಳಿದದ್ದು ಅಲ್ಲಿಯೇ. ಬ್ರಿಟನ್ನಿನಲ್ಲಿ ಬಂಡೆ ಹತ್ತುವುದು ಒಂದು ಆಟವಾಗಿ ಬೆಳೆದದ್ದು ಆ ದಿನದಿಂದ ಎಂದು ಇಲ್ಲಿನ ಹಿರಿಯರು ಅಭಿಮಾನದಿಂದ ಹೇಳುತ್ತಾರೆ.

ಉಡುಪಿನ ಮಾತಿಗೆ ಬರುತ್ತೇನೆ, ನಿನಗೆ ಬೇಕಾದದ್ದು ಅದೇ. ಗಂಡಸರು ಟ್ವೀಡ್ ಕೋಟು, ಮೊಣಕಾಲಿನ ಕೆಳಗೆ ಬಿಗಿಯುವ ಚಡ್ಡಿ, ಅಲ್ಲಿಂದ ಪಾದದವರೆಗೆ ಉಣ್ಣೆಯ ಕಾಲುಚೀಲ ಧರಿಸುತ್ತಾರೆ. ಬೂಟಿನ ಚರ್ಮದ ಅಟ್ಟೆಗೆ ಕಬ್ಬಿಣದ ಮೊಳೆಗಳನ್ನು ಹೊಡೆದಿರುತ್ತಾರೆ. ಅವು ಒದ್ದೆ ಹುಲ್ಲನ್ನೂ ಪಾಚಿಗಟ್ಟಿದ ಕಲ್ಲನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಒಣಗಿದ ನುಣುಪು ಬಂಡೆಯ ಮೇಲೆ ಮಾತ್ರ ಎಚ್ಚರ ಬೇಕು. ಮಳೆಯಲ್ಲಿ ನೆನೆದ ಟ್ವೀಡ್ ತುಂಬಾ ಭಾರ, ಆದರೆ ನೆನೆದ ಮೇಲೂ ಮೈ ಬೆಚ್ಚಗೇ ಇರುತ್ತದೆ. ಹಳೆಯ ಬಟ್ಟೆಯನ್ನು ಹಗುರವಾಗಿ ಕಾಣಬಾರದು ಎಂದು ನನಗೆ ಮನವರಿಕೆಯಾದದ್ದು ಮೈಮೇಲೆ ಹಾಕಿಕೊಂಡು ನಡೆದಾಗಲೇ. ತುಸು ಈಚಿನ ಕಾಲದ ಒಂದು ಪ್ರಯೋಗವೂ ಇದೆ. 1924ರಲ್ಲಿ ಎವರೆಸ್ಟ್ ಏರಲು ಹೋಗಿ ಮರಳದ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲೆ ಉಳಿದಿದ್ದ ರೇಷ್ಮೆ, ಹತ್ತಿ, ಉಣ್ಣೆ, ಗ್ಯಾಬರ್ಡೀನ್ ಪದರಗಳನ್ನು ಪರೀಕ್ಷಿಸಿ, ಅದೇ ಬಗೆಯ ಉಡುಪನ್ನು ಮತ್ತೆ ತಯಾರಿಸಿದರು. 2006ರಲ್ಲಿ ಪರ್ವತಾರೋಹಿ ಗ್ರಹಾಂ ಹಾಯ್ಲ್ಯಾಂಡ್ ಅದನ್ನು ತೊಟ್ಟು ಎವರೆಸ್ಟಿನ ಇಳಿಜಾರಿನಲ್ಲಿಯೇ ನಡೆದು ನೋಡಿದ. ಪದರದ ಮೇಲೆ ಪದರ ಸಲೀಸಾಗಿ ಜಾರುವುದರಿಂದ ಕೈಕಾಲು ಆಡಿಸಲು ಸುಲಭ, ಬೆಚ್ಚಗೂ ಇರುತ್ತದೆ ಎಂದು ತಿಳಿಯಿತು. ದರ್ಜಿಗಳ ಜಾಣ್ಮೆ ಅದು.

ಹಗ್ಗದ ವಿಚಾರದಲ್ಲಿ ಮಾತ್ರ ನಮ್ಮ ಗುಂಪು ಕಟ್ಟುನಿಟ್ಟು. ಹಳೆಯ ಕಾಲದ ನಾರಿನ ಹಗ್ಗವನ್ನು ಭುಜದ ಮೇಲೆ ಸುತ್ತಿಕೊಳ್ಳಬಹುದು, ಅದಕ್ಕೆ ಯಾರೂ ಜೋತು ಬೀಳುವಂತಿಲ್ಲ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್‌ನ ತಂಡ ಆಲ್ಪ್ಸ್ ಪರ್ವತಗಳ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿತು. ಇಳಿಯುವಾಗ ಒಬ್ಬ ಜಾರಿದ, ಹಗ್ಗ ತುಂಡಾಯಿತು, ಏಳು ಮಂದಿಯಲ್ಲಿ ನಾಲ್ವರು ಸತ್ತರು. ಆ ತುಂಡು ಹಗ್ಗ ಈಗಲೂ ಸ್ವಿಟ್ಜರ್ಲೆಂಡಿನ ಜರ್ಮಟ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಚೀಲಗಳಲ್ಲಿ ಇಂದಿನ ಮಳೆ ಅಂಗಿ, ನಕ್ಷೆ, ಮೊಬೈಲ್ ಎಲ್ಲವೂ ಇರುತ್ತವೆ. ಇರಲೇಬೇಕು.

ಹೆಂಗಸರ ಉಡುಪನ್ನು ನೋಡಿದರೆ ನನಗೆ ನಿಜವಾಗಿಯೂ ಗೌರವ ಮೂಡುತ್ತದೆ. 1871ರಲ್ಲಿ ಲೂಸಿ ವಾಕರ್ ಅದೇ ಮ್ಯಾಟರ್‌ಹಾರ್ನ್ ಏರಿದ ಮೊದಲ ಮಹಿಳೆಯಾದಳು, ಅದೂ ಉದ್ದ ಲಂಗದಲ್ಲಿ! 1895ರಲ್ಲಿ ಪಶ್ಚಿಮ ಆಫ್ರಿಕದ ಕಾಡಿನಲ್ಲಿ ಇಂಗ್ಲಿಷ್ ಪ್ರವಾಸಿ ಮೇರಿ ಕಿಂಗ್ಸ್‌ಲಿ ಪ್ರಾಣಿಗಳಿಗೆಂದು ತೋಡಿದ್ದ ಗುಂಡಿಗೆ ಬಿದ್ದಾಗ, ತಳದ ಚೂಪು ಗೂಟಗಳಿಂದ ಆಕೆಯನ್ನು ಉಳಿಸಿದ್ದು ತೊಟ್ಟಿದ್ದ ದಪ್ಪ ಲಂಗವೇ. ನಮ್ಮ ಗುಂಪಿನ ಮಹಿಳೆಯರು ಲಂಗದ ಅಂಚಿಗೆ ಒಳಗಿನಿಂದ ದಾರ ಪೋಣಿಸಿಕೊಂಡಿದ್ದಾರೆ. ಕಡಿದಾದ ದಾರಿ ಬಂದಾಗ ಎಳೆದರೆ ಲಂಗ ಮೇಲಕ್ಕೆ ಸರಿಯುತ್ತದೆ, ಊರು ಬಂದಾಗ ಬಿಟ್ಟರೆ ಇಳಿಯುತ್ತದೆ. ಅಂದಿನವರ ಉಪಾಯವೇ ಅದು.

ಇಷ್ಟೆಲ್ಲ ನನಗೆ ಇಷ್ಟ, ಚಂದ್ರು. ಆದರೂ ಒಂದು ಕೊರತೆ ಬಹಳ ದಿನಗಳಿಂದ ಕಾಡುತ್ತಿದೆ. ಬೆಂಡಿನ ಟೋಪಿ ಹಾಕಿಕೊಂಡವರು ಸಾಲಾಗಿ ನಡೆಯುವಾಗ ಎಲ್ಲರೂ ದೊರೆಗಳೇ. ಆ ಟೋಪಿಯ ಬೆಂಡೇ ಬಂಗಾಳದ ಜೌಗುನೆಲದ ಸೋಲಾ ಗಿಡದ್ದು. ನಮ್ಮಲ್ಲಿ ಮದುವೆಯ ಬಾಸಿಂಗ ಮಾಡುತ್ತಾರಲ್ಲ, ಅಂಥದೇ ಹಗುರ ಬೆಂಡು. ಕತ್ತರಿಸಿ ಅಂಟಿಸಿದ ಕೈಗಳು ಅಲ್ಲಿನ ಕುಶಲಕರ್ಮಿಗಳವು. ಟೋಪಿಯ ಕೆಳಗಿನ ತಲೆಯ ಹೆಸರು ಮಾತ್ರ ಇತಿಹಾಸದಲ್ಲಿ ಉಳಿಯಿತು. ಹೊರೆ ಹೊತ್ತವರು, ದಾರಿ ತೋರಿಸಿದವರು, ಭಾಷೆ ಆಡಿ ಜೀವ ಉಳಿಸಿದವರು ನಮ್ಮ ಮೆರವಣಿಗೆಯಲ್ಲಿ ಎಲ್ಲಿ?

ಸಿದಿ ಮುಬಾರಕ್ ಬಾಂಬೆಯನ್ನೇ ತೆಗೆದುಕೊ. ಪೂರ್ವ ಆಫ್ರಿಕದ ಹುಡುಗ, ಗುಲಾಮನಾಗಿ ಗುಜರಾತಿಗೆ ಬಂದ. ಬಿಡುಗಡೆಯಾದ ಮೇಲೆ ಆಫ್ರಿಕಕ್ಕೆ ಮರಳಿ ಬರ್ಟನ್, ಸ್ಪೀಕ್, ಸ್ಟ್ಯಾನ್ಲಿ, ಕ್ಯಾಮರೂನ್ ಹೀಗೆ ಒಬ್ಬರಾದ ಮೇಲೊಬ್ಬ ಅನ್ವೇಷಕರನ್ನು ನಡೆಸಿದ. ಲಿವಿಂಗ್‌ಸ್ಟನ್ 1873ರಲ್ಲಿ ಆಫ್ರಿಕದ ನಡುವೆ ಸತ್ತಾಗ, ದೇಹವನ್ನು ಉಪ್ಪು ಹಾಕಿ ಒಣಗಿಸಿ, ತಿಂಗಳುಗಟ್ಟಲೆ ಹೊತ್ತು ಕರಾವಳಿಗೆ ತಲುಪಿಸಿದ್ದು ಅವನ ಆಫ್ರಿಕನ್ ಸಹಾಯಕರಾದ ಚೂಮಾ, ಸೂಸಿ ಮತ್ತು ಅವರ ಸಂಗಾತಿಗಳು. ಅವರಲ್ಲಿ ಜೇಕಬ್ ವೇನ್‌ರೈಟ್ ನಮ್ಮ ನಾಸಿಕದ ಶಾಲೆಯಲ್ಲಿ ಓದಿದವನು. ಇವರಿಲ್ಲದ ಅನ್ವೇಷಣೆಯ ಕಥೆ ನನಗೆ ಅರ್ಧ ಕಥೆ.

ನಾನು ತೊಡಬೇಕೆಂದಿರುವುದು ನೈನ್ ಸಿಂಗ್ ರಾವತನ ಉಡುಪು.

ದೇಶವನ್ನು ಅಳೆದು ನಕ್ಷೆ ಮಾಡುವ ಭಾರತದ ಮಹಾ ಸರ್ವೇಕ್ಷಣೆ 1802ರಲ್ಲಿ ಮದ್ರಾಸಿನಲ್ಲಿ ಶುರುವಾಗಿ, ನಮ್ಮ ಬೆಂಗಳೂರನ್ನೂ ಅಳತೆಯ ತ್ರಿಕೋನಗಳಲ್ಲಿ ಹಿಡಿದುಕೊಂಡು ಹಿಮಾಲಯದವರೆಗೆ ಬೆಳೆಯಿತು. ಟಿಬೆಟ್ಟಿನ ಗಡಿಯಲ್ಲಿ ಅದು ನಿಲ್ಲಲೇಬೇಕಾಯಿತು, ಏಕೆಂದರೆ ಒಳಗೆ ಬಿಳಿಯರಿಗೆ ಪ್ರವೇಶವಿರಲಿಲ್ಲ. ಆಗ ಸರ್ವೇಕ್ಷಣೆಯ ಅಧಿಕಾರಿ ಕ್ಯಾಪ್ಟನ್ ಮಾಂಟ್‌ಗಮರಿ ಗಡಿಯ ಜನರನ್ನೇ ತರಬೇತುಗೊಳಿಸಿದ. ಕುಮಾವೂನಿನ ಮಿಲಾಮ್ ಹಳ್ಳಿಯ ಶಾಲಾ ಮೇಷ್ಟ್ರು ನೈನ್ ಸಿಂಗ್ ಅವರಲ್ಲೊಬ್ಬ. 1865ರಲ್ಲಿ ವ್ಯಾಪಾರಿಯ ವೇಷದಲ್ಲಿ ನೇಪಾಳದ ಮೂಲಕ ಟಿಬೆಟ್ಟಿಗೆ ನುಸುಳಿ, 1866ರ ಜನವರಿಯಲ್ಲಿ ಲಾಸಾ ತಲುಪಿದ.

ಅವನ ಕೈಯಲ್ಲಿದ್ದ ವಸ್ತುಗಳನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ. ಜಪಮಾಲೆಯಲ್ಲಿ ಇರಬೇಕಾದ 108 ಮಣಿಗಳ ಬದಲು 100. ಏರು, ಇಳಿಜಾರು, ಬಯಲು ಎಲ್ಲಿಯಾದರೂ ಒಂದೇ ಅಳತೆಯ ಹೆಜ್ಜೆ ಇಡಲು ಅವನು ಪಳಗಿದ್ದ. ನೂರು ಹೆಜ್ಜೆಗೆ ಒಂದು ಮಣಿ ಜಾರಿಸಿದರೆ, ಮಾಲೆ ಒಂದು ಸುತ್ತು ಬರುವಾಗ ಹತ್ತು ಸಾವಿರ ಹೆಜ್ಜೆ. ಕೈಯಲ್ಲಿ ತಿರುಗಿಸುವ ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಲೆಕ್ಕ ಬರೆದ ಕಾಗದದ ಸುರುಳಿ. ಪೆಟ್ಟಿಗೆಯ ಕಳ್ಳ ತಳದಲ್ಲಿ ನಕ್ಷತ್ರ ಅಳೆಯುವ ಉಪಕರಣ, ಕವಡೆಗಳೊಳಗೆ ಮೇಣ ಹಚ್ಚಿ ಮುಚ್ಚಿದ ಪಾದರಸ. ನೀರು ಎಷ್ಟು ಬಿಸಿಗೆ ಕುದಿಯುತ್ತದೆ ಎಂಬುದನ್ನು ನೋಡಿ ಊರಿನ ಎತ್ತರ ತಿಳಿಯುತ್ತಿದ್ದ. ಸಿಕ್ಕಿಬಿದ್ದರೆ ತಲೆ ಹೋಗುತ್ತಿತ್ತು. ಸಾವಿರಾರು ಕಿಲೋಮೀಟರ್ ಹೀಗೆ ಎಣಿಸುತ್ತಲೇ ನಡೆದ ಮನುಷ್ಯ ಅವನು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು. ಆ ಇಡೀ ಯುಗದಲ್ಲಿ ವೇಷ ತೊಟ್ಟು ನಡೆದವರ ಪೈಕಿ ಅವನಿಗಿಂತ ದೊಡ್ಡವರು ನನಗೆ ಕಾಣುವುದಿಲ್ಲ. ಉಳಿದವರಿಗೆ ಉಡುಪು ಅನುಕೂಲ, ಇವನಿಗೆ ಅದೇ ಪ್ರಾಣ.

ಗುಂಪಿನವರಿಗೆ ಇದನ್ನು ಹೇಳಿದಾಗ ಎಲ್ಲರೂ ಮನಸಾರೆ ಒಪ್ಪಿದರು. ಒಂದು ನಿಯಮ ನಾನೇ ಕೇಳಿಕೊಂಡೆ: ಯಾರೂ ಮುಖಕ್ಕೆ ಬಣ್ಣ ಬಳಿದುಕೊಂಡು ಇನ್ನೊಂದು ಜನಾಂಗದವರಾಗಬಾರದು, ಹೊರೆಯಾಳಿನ ಕಷ್ಟವನ್ನು ಆಟವಾಗಿ ಆಡಬಾರದು. ಹೆಸರು ಹೇಳಿ, ಕಥೆ ಹೇಳಿ, ಹೊರೆಯನ್ನು ಎಲ್ಲರೂ ಸರದಿಯಲ್ಲಿ ಹೊರುವುದು. ನಾನು ವಾಸ್ಡೇಲ್ ಹೆಡ್‌ನಿಂದ 978 ಮೀಟರ್ ಎತ್ತರದ ಸ್ಕಾಫೆಲ್ ಪೈಕ್‌ವರೆಗೆ ಮಣಿ ಎಣಿಸುತ್ತಾ ನಡೆದು, ನನ್ನ ದೂರ ನಕ್ಷೆಯ ದೂರಕ್ಕೆ ಎಷ್ಟು ಹತ್ತಿರ ಬರುತ್ತದೆ ಎಂದು ನೋಡಬೇಕೆಂದಿದ್ದೇನೆ. ಮೇಲೆ ಹೋಗಿ ನೀರನ್ನೂ ಕುದಿಸುತ್ತೇನೆ.

ಈಗ ನಿನ್ನ ಕೆಲಸ. ನನಗೆ ಬೇಕಾದದ್ದು ಟಿಬೆಟ್ಟಿನವರ ಚುಬಾ: ಉದ್ದನೆಯ ನಿಲುವಂಗಿ, ಅಗಲ ತೋಳು, ಸೊಂಟಕ್ಕೆ ಪಟ್ಟಿ. ಪಟ್ಟಿ ಬಿಗಿದಾಗ ಎದೆಯ ಬಳಿ ಬಟ್ಟೆ ಉಬ್ಬಿ ಚೀಲದಂತಾಗಬೇಕು, ಸಾಮಾನು ಇಡುವುದು ಅಲ್ಲಿಯೇ. ಬಿಡುವು ಮಾಡಿಕೊಂಡು ಬೈಲುಕುಪ್ಪೆಗೆ ಹೋಗಿ ಬಾ. 1960ರ ದಶಕದ ಆರಂಭದಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರಲ್ಲಿ ಹಿರಿಯರನ್ನು ಕೇಳಿದರೆ ಕತ್ತರಿಸುವ ಕ್ರಮ ತೋರಿಸಿಕೊಡುತ್ತಾರೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಖಂಡಿತ ಬೇಡ. ಅಪ್ಪಟ ಉಣ್ಣೆ ಅಲ್ಲಿ ಸಿಗದಿದ್ದರೆ ಚಳ್ಳಕೆರೆ ಕಡೆಯ ಕೈಮಗ್ಗದ ಕಂಬಳಿ ಆಗಬಹುದೇ? ಒರಟಾದರೂ ಮಳೆ ತಡೆಯುತ್ತದೆ; ಕತ್ತರಿ ಹಾಕಿದರೆ ಅಂಚು ಬಿಚ್ಚಿಕೊಳ್ಳುತ್ತದೆಯೇ ಎಂಬುದು ನಿನಗೇ ಗೊತ್ತು. ಜಪಮಾಲೆಗೆ ಸರಿಯಾಗಿ 100 ಮಣಿ, ಬೆರಳಿಗೆ ತಿಳಿಯುವಷ್ಟು ದಪ್ಪ. ಚಕ್ರವನ್ನು ಇಲ್ಲಿಯೇ ತಾಮ್ರದ ತಗಡಿನಲ್ಲಿ ಮಾಡಿಸುತ್ತಿದ್ದೇನೆ.

ಎದೆ, ತೋಳು, ಎತ್ತರದ ಅಳತೆಯನ್ನು ಬೇರೆಯಾಗಿ ಕಳುಹಿಸುತ್ತೇನೆ. ಒಳಗೆ ಸ್ವೆಟರ್ ಹಾಕುವಷ್ಟು ಸಡಿಲವಿರಲಿ. ಹಣ ಎಷ್ಟು ಎಂಬುದನ್ನು ಸ್ನೇಹದ ಲೆಕ್ಕದಲ್ಲಿ ಮರೆಸಬೇಡ, ಕೂಲಿ ಪೂರ್ತಿ ತಿಳಿಸು. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ,
ರಘು