ಹೈಬ್ರಿಡ್ ಯಾಟ್: ಕಾರಿನ ಲೆಕ್ಕ ನೀರಿನಲ್ಲಿ ನಡೆಯದು

ಮಾನ್ಯ ಸಂಪಾದಕರೇ,

ಮನೆಮಂದಿಗೆಂದು ಸಣ್ಣ ಹೈಬ್ರಿಡ್ ಮೋಟಾರ್ ಯಾಟ್ (ಡೀಸೆಲ್ ಎಂಜಿನ್, ಬ್ಯಾಟರಿ ಮೋಟಾರ್ ಎರಡೂ ಇರುವ ವಿಹಾರ ದೋಣಿ) ಕೊಳ್ಳಬೇಕೆಂದಿರುವ ನಮ್ಮ ಮೈಸೂರು–ಮಂಡ್ಯದವರು ಮೊದಲು ಕೇಳುವುದು ‘ಡೀಸೆಲ್ ಎಷ್ಟು ಉಳಿಯುತ್ತೆ?’ ಎಂದು. ಹೈಬ್ರಿಡ್ ಕಾರು ನೋಡಿದವರಿಗೆ ಈ ಪ್ರಶ್ನೆ ಸಹಜ. ಆದರೆ ಕಾರಿನ ಉಳಿತಾಯದ ದೊಡ್ಡ ಪಾಲು ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಬರುತ್ತದೆ. ನೀರಿನಲ್ಲಿ ಸಿಗ್ನಲ್ ಇಲ್ಲ, ಇಳಿಜಾರಿಲ್ಲ. ದೋಣಿ ಹೊರಟಲ್ಲಿಂದ ನಿಲ್ಲುವವರೆಗೂ ನೀರನ್ನು ತಳ್ಳುತ್ತಲೇ ಇರಬೇಕು. ಡೀಸೆಲ್ ಸುಟ್ಟು ಬ್ಯಾಟರಿ ತುಂಬಿಸಿ, ಅದರಿಂದ ಮೋಟಾರ್ ತಿರುಗಿಸಿದರೆ ನಡುವೆ ಒಂದು ಪಾಲು ಶಾಖವಾಗಿ ಹೋಗಿಯೇ ಹೋಗುತ್ತದೆ.

ನೀರಿನಲ್ಲಿ ಉಳಿತಾಯವೆಲ್ಲ ವೇಗದ ಮೇಲೆ ನಿಂತಿದೆ. ನೀರಿಗೆ ತಾಗುವ ಉದ್ದ 30 ಅಡಿ, ತೂಕ ನಾಲ್ಕೈದು ಟನ್ ಇರುವ ದೋಣಿ ಶಾಂತ ನೀರಿನಲ್ಲಿ 5 ನಾಟ್, ಅಂದರೆ ಗಂಟೆಗೆ 9 ಕಿ.ಮೀ. ಹೋಗಲು ಸುಮಾರು 4 ಕಿಲೋವ್ಯಾಟ್ ಸಾಕು. 7 ನಾಟ್‌ಗೆ ಏರಿಸಿದರೆ 12 ಕಿಲೋವ್ಯಾಟ್ ಬೇಡುತ್ತದೆ. 51.2 ವೋಲ್ಟ್, 200 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಹಿಡಿಯುವುದು 10 ಯೂನಿಟ್, ಬಳಸಬಹುದಾದದ್ದು 8. ಮೊದಲ ವೇಗದಲ್ಲಿ ಎರಡು ಗಂಟೆ, 18 ಕಿ.ಮೀ. ಎರಡನೆಯದರಲ್ಲಿ 40 ನಿಮಿಷ, 9 ಕಿ.ಮೀ. ಕೂಡ ದಾಟುವುದಿಲ್ಲ. ಎದುರು ಗಾಳಿ, ತಳಕ್ಕೆ ಕಟ್ಟಿದ ಪಾಚಿ ಇದ್ದರೆ ಇನ್ನೂ ಕಡಿಮೆ. ಆದ್ದರಿಂದ ಮಾರುವವರು ಹೇಳುವ ‘ಒಂದು ಚಾರ್ಜ್‌ಗೆ ಇಷ್ಟು ಕಿ.ಮೀ.’ ಎಂಬ ಒಂದೇ ಅಂಕಿಯನ್ನು ನಂಬಬಾರದು. 4, 5, 6, 7 ನಾಟ್‌ನಲ್ಲಿ ಎಷ್ಟೆಷ್ಟು ಕಿಲೋವ್ಯಾಟ್ ಎಳೆಯುತ್ತದೆ ಎಂಬುದನ್ನು ನೀರಿನ ಮೇಲೆಯೇ ಓಡಿಸಿ, ಅಳೆದು, ಬರೆದುಕೊಡಲಿ. ಕೊಡದಿದ್ದರೆ ಮುಂಗಡ ಕೊಡಬೇಡಿ.

ಹಾಗಾದರೆ ಹೈಬ್ರಿಡ್ ಯಾತಕ್ಕೆ? ಹೊಳೆಯಲ್ಲಿ, ಅಳಿವೆಯಲ್ಲಿ ಸದ್ದು–ಹೊಗೆಯಿಲ್ಲದೆ ನಿಧಾನವಾಗಿ ಸಾಗಲು, ರಾತ್ರಿ ಲಂಗರು ಹಾಕಿ ಜನರೇಟರ್ ಇಲ್ಲದೆ ಫ್ಯಾನು, ಫ್ರಿಜ್ಜು ನಡೆಸಲು. ಇದು ಸಣ್ಣ ಸುಖವಲ್ಲ. ಆದರೆ ಅದು ಕೈಗೆ ಸಿಗುವುದು ಒಳಗಿನ ಜೋಡಣೆ ಸರಿಯಿದ್ದಾಗ ಮಾತ್ರ.

ಹೆಚ್ಚಾಗಿ ಕೆಡುವುದು ಕೇಬಲ್ಲಿನ ತುದಿ. 48 ವೋಲ್ಟ್‌ನಲ್ಲಿ 10 ಕಿಲೋವ್ಯಾಟ್ ಎಂದರೆ 200 ಆಂಪಿಯರ್ ಮೀರುತ್ತದೆ. ಲಗ್ (ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿ) ಸರಿಯಾಗಿ ಒತ್ತದೆ ಅಲ್ಲಿ ಒಂದೇ ಒಂದು ಮಿಲಿಓಮ್ ತಡೆ ಉಳಿದರೂ 40 ವ್ಯಾಟ್ ಶಾಖ ಅದೇ ಜಾಗದಲ್ಲಿ ಹುಟ್ಟುತ್ತದೆ. ಬಿಸಿ ಸೋಲ್ಡರಿಂಗ್ ಐರನ್ ಅನ್ನು ಪ್ಲಾಸ್ಟಿಕ್‌ಗೆ ತಾಗಿಸಿಟ್ಟ ಹಾಗೆ. ಮೊದಲು ಇನ್ಸುಲೇಷನ್ ಕಂದಾಗುತ್ತದೆ, ಆಮೇಲೆ ಕರಗುತ್ತದೆ. ತವರ ಲೇಪಿಸಿದ ತಾಮ್ರದ ಕೇಬಲ್, 70 ಚದರ ಮಿ.ಮೀ.ಗೆ ಕಡಿಮೆಯಿಲ್ಲದಂತೆ, ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿದ ಲಗ್, ಬ್ಯಾಟರಿಗೆ ಅಂಟಿದಂತೆ ಕ್ಲಾಸ್ ಟಿ ಫ್ಯೂಸ್ (ಭಾರೀ ಕರೆಂಟನ್ನೂ ಥಟ್ಟನೆ ಕಡಿಯುವ ಬಗೆ) ಇರಲೇಬೇಕು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಸುರಿಯುತ್ತದೆ. ಸಾಮಾನ್ಯ ಫ್ಯೂಸ್ ಸುಟ್ಟರೂ ಒಳಗಿನ ಕಿಡಿ ನಿಲ್ಲದೆ ಹೋಗಬಹುದು. ಅರ್ಧ ಗಂಟೆ ಪೂರ್ತಿ ಲೋಡ್‌ನಲ್ಲಿ ಓಡಿಸಿ, ಪ್ರತಿ ತುದಿಗೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಯಾವುದಾದರೂ ಒಂದು ತುದಿ ಪಕ್ಕದ್ದಕ್ಕಿಂತ ಬಿಸಿಯಿದ್ದರೆ ಅದನ್ನು ಕತ್ತರಿಸಿ ಹೊಸದು ಒತ್ತಿಸಬೇಕು, ಬರೀ ಬೋಲ್ಟ್ ಬಿಗಿ ಮಾಡಿದರೆ ಆಗದು.

ಡೀಸೆಲ್ ಎಂಜಿನ್ನಿನ ಹಳೆಯ ಆಲ್ಟರ್ನೇಟರನ್ನು (ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಯಂತ್ರ) ನೇರವಾಗಿ ಲಿಥಿಯಂ ಬ್ಯಾಟರಿಗೆ ಜೋಡಿಸುವುದು ಇನ್ನೊಂದು ತಪ್ಪು. ಬ್ಯಾಟರಿ ಕೊಟ್ಟಷ್ಟೂ ಎಳೆಯುತ್ತದೆ, ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರ್ ಸುಟ್ಟುಹೋಗಬಹುದು. ಬಿಎಂಎಸ್ (ಬ್ಯಾಟರಿ ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಕ) ಥಟ್ಟನೆ ಸಂಪರ್ಕ ಕಡಿದರೆ ಆಲ್ಟರ್ನೇಟರಿನ ಡಯೋಡ್ ಹೋಗಬಹುದು. ನಡುವೆ, ಕರೆಂಟನ್ನು ಹದಕ್ಕೆ ತಂದು ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ತಾನು ಸವೆದು ತಳದ ಲೋಹ ಕಾಯುವ ಲೋಹದ ತುಂಡು, ಅಂದರೆ ಆನೋಡ್, ಸಿಹಿನೀರಿಗೆ ಮೆಗ್ನೀಸಿಯಂ, ಮಂಗಳೂರು–ಮಲ್ಪೆಯ ಕಡಲಿಗೆ ಸತು. ಅರ್ಧ ಸವೆದೊಡನೆ ಬದಲಿಸಬೇಕು. ಅಡುಗೆಗೆ ಇಂಡಕ್ಷನ್ ಒಲೆಯೇ ಕ್ಷೇಮ: ಬೆಳಗಿನ ಕಾಫಿ–ಉಪ್ಪಿಟ್ಟಿಗೆ ಒಂದು ಯೂನಿಟ್‌ ಕೂಡ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲೇ ನಿಂತು ಕಿಡಿಗೆ ಕಾಯುತ್ತದೆ.

ಮಕ್ಕಳಿರುವವರು ಇದೊಂದನ್ನು ದಯವಿಟ್ಟು ಗಮನಿಸಬೇಕು. ಡೀಸೆಲ್ ದೋಣಿ ಸದ್ದಿನಿಂದಲೇ ಎಚ್ಚರಿಸುತ್ತದೆ. ಎಲೆಕ್ಟ್ರಿಕ್ ಮೋಡ್‌ನಲ್ಲಿ ದೋಣಿ ಸತ್ತಂತೆ ಸುಮ್ಮನಿದ್ದರೂ ವೇಗದ ಲಿವರ್ ಒಂದಿಷ್ಟು ತಾಗಿದರೆ ಪ್ರೊಪೆಲ್ಲರ್ ಆ ಕ್ಷಣವೇ ತಿರುಗುತ್ತದೆ. ಯಾರಾದರೂ ನೀರಿಗಿಳಿಯುವ ಮೊದಲು ಲಿವರ್ ನ್ಯೂಟ್ರಲ್‌ಗೆ ತಂದರೆ ಸಾಲದು. ಮೋಟಾರಿನ ಮುಖ್ಯ ಸ್ವಿಚ್ ಆರಿಸಿ, ಕೀ ತೆಗೆದು, ನೀರಿಗಿಳಿಯದ ದೊಡ್ಡವರೊಬ್ಬರ ಕೈಗೆ ಕೊಡಬೇಕು. ಎಲ್ಲರೂ ಮೇಲೆ ಹತ್ತಿ, ತಲೆ ಎಣಿಸಿದ ಮೇಲೆಯೇ ಅದನ್ನು ವಾಪಸ್ ಪಡೆಯಬೇಕು.

— ಓದುಗ, ಸರಸ್ವತಿಪುರಂ, ಮೈಸೂರು