ಮೊಣಕಾಲುದ್ದ ನೀರು

ಗೆಳೆಯಾ,

ನಿನ್ನ ಗಾಡಿಯ ಕಾರ್ಪೆಟ್ ಒಣಗಿತಾ? ನನ್ನ ಗಾಡಿಯಲ್ಲಿ ನೀನು ಬಿಟ್ಟುಹೋದ ಒದ್ದೆ ಬಟ್ಟೆಯ ವಾಸನೆ ಇನ್ನೂ ಹೋಗಿಲ್ಲ. ಸೀಟಿನ ಕೆಳಗೆ ಒಂದು ಚಪ್ಪಲಿಯೂ ಸಿಕ್ಕಿತು. ಎಡಗಾಲಿನದು. ಅದೊಂದೇ ಹೇಗೆ ಬಂತು ಅಂತ ನನ್ನನ್ನು ಕೇಳಬೇಡ, ನಮ್ಮ ಗುಂಪಿನ ಕಂಡಕ್ಟರ್ ಸಾಹೇಬರನ್ನು ಕೇಳು.

ನಮ್ಮ ಮಣ್ಣುದಾರಿ ಸವಾರಿಯದು ಅಂತ ನೀನು ಎಲ್ಲರಿಗೂ ಕಳಿಸಿದ ಫೋಟೋಗಳನ್ನು ನೋಡಿದೆ. ಆರು ಪುಟ್ಟ ಸುಜುಕಿ ಜಿಮ್ನಿ ಗಾಡಿಗಳು, ಕಿಟಕಿಯವರೆಗೆ ಕೆಸರು, ಎಲ್ಲರ ಮುಖದಲ್ಲೂ ನಗು. ಕೆಳಗೆ ನೀನು ಬರೆದಿದ್ದೀಯ: ‘ಹೊಳೆಯಲ್ಲಿ ಗಾಡಿ ನಿಂತಿದ್ದು ನನ್ನದೇ ತಪ್ಪು. ನೀರಿನ ಮಧ್ಯೆ ಕ್ಲಚ್ ಒತ್ತಿಬಿಟ್ಟೆ.’ ಎಲ್ಲರೂ ನಿನ್ನ ದೊಡ್ಡ ಮನಸ್ಸನ್ನು ಹೊಗಳಿದರು. ನಾನೂ ‘ಇರಲಿ ಬಿಡು ಮಾರಾಯ’ ಅಂತ ಬರೆದೆ. ಬರೆದ ಮೇಲೆ ನಿದ್ದೆ ಬರಲಿಲ್ಲ. ಆ ತಪ್ಪು ನಿನ್ನದಲ್ಲ. ನೀನು ಎಲ್ಲರ ಮುಂದೆ ಹೇಳಿಕೊಂಡಿದ್ದೀಯ, ಹಾಗಾಗಿ ನಾನೂ ಎಲ್ಲರ ಮುಂದೆಯೇ ಹೇಳಬೇಕು.

ಆ ಬೆಳಗ್ಗೆ ಎಷ್ಟು ಚೆನ್ನಾಗಿತ್ತು! ಟಾರು ಮುಗಿದು ಮಣ್ಣು ಶುರುವಾಗುವ ಜಾಗದಲ್ಲಿ ಎಲ್ಲರೂ ಕುಕ್ಕರಗಾಲಲ್ಲಿ ಕೂತು ಟೈರಿನ ಗಾಳಿ ಇಳಿಸುತ್ತಿದ್ದೆವು. 28 ಪಿಎಸ್‌ಐಯಿಂದ 18ಕ್ಕೆ. ಆರು ಗಾಡಿ, ಇಪ್ಪತ್ತನಾಲ್ಕು ಟೈರು, ಎಲ್ಲ ಕಡೆಯಿಂದ ಬುಸ್ ಅನ್ನುವ ಸದ್ದು. ಗಾಳಿ ಇಳಿದ ಟೈರು ನೆಲದ ಮೇಲೆ ಹೊಟ್ಟೆ ಬಿಟ್ಟುಕೊಂಡು ಕೂರುತ್ತದಲ್ಲ, ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ನನಗೆ ಯಾವಾಗಲೂ ಇಷ್ಟ. ಇನ್ನು ಮಣ್ಣು ಹಿಡಿಯುತ್ತದೆ ಅಂತ ಬೆರಳಿಗೇ ಗೊತ್ತಾಗುತ್ತದೆ.

ಈ ಗಾಡಿಗಳ ಮೇಲೆ ನಮಗೆಷ್ಟು ಪ್ರೀತಿ ಅಲ್ವಾ? 1970ರಲ್ಲಿ ಮೊದಲ ಜಿಮ್ನಿ ಬಂದಾಗ ಎಂಜಿನ್ ಬರೀ 359 ಸಿಸಿ. ಬೈಕಿನದರಷ್ಟು. 2018ರಲ್ಲಿ ಬಂದ ನಾಲ್ಕನೇ ತಲೆಮಾರಿನಲ್ಲೂ ಅದೇ ಏಣಿಯಂಥ ಚಾಸಿ, ಹಿಂದೆ ಮುಂದೆ ಎರಡು ಚಕ್ರಗಳನ್ನು ಜೋಡಿಸುವ ಒಂದೇ ದಿಮ್ಮಿಯಂಥ ಆಕ್ಸಲ್. ತೂಕ 1100 ಕಿಲೋ ಆಸುಪಾಸು. ಎರಡು ಟನ್ನಿನ ಗಾಡಿ ಹೊಟ್ಟೆಯವರೆಗೆ ಹೂತುಕೊಳ್ಳುವ ಕೆಸರನ್ನು ನಾವು ಮೇಲೆ ಮೇಲೆಯೇ ದಾಟಿಬಿಡುತ್ತೇವೆ. ‘ಹಗುರ ಇದ್ದವನೇ ಗೆದ್ದ’ ಅಂತ ನೀನು ವಾಕಿಟಾಕಿಯಲ್ಲಿ ಕೂಗುತ್ತೀಯಲ್ಲ, ಆ ದಿನ ಹತ್ತು ಗಂಟೆಯೊಳಗೆ ಮೂರು ಸಲ ಕೂಗಿದ್ದೆ.

ಹೊಳೆಯಲ್ಲಿ ಕೈಕೊಟ್ಟಿದ್ದೂ ಅದೇ ಹಗುರ. ನೀರಿಗಿಳಿದ ಗಾಡಿ ಎಷ್ಟು ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ಕಿಲೋ ಭಾರ ಟೈರಿನ ಮೇಲಿಂದ ಇಳಿದುಹೋಗುತ್ತದೆ. ಮುನ್ನೂರು ನಾನೂರು ಲೀಟರ್ ಸರಿಸಿದರೆ ನಮ್ಮ ಗಾಡಿಯ ತೂಕದಲ್ಲಿ ಮೂರನೇ ಒಂದು ಪಾಲು ಹೋಯಿತು. ಆಮೇಲೆ ಟೈರು ತಳಕ್ಕೆ ಕಚ್ಚುವುದಿಲ್ಲ. ನೀರು ಎಳೆದ ಕಡೆ ಗಾಡಿ. ಇದಕ್ಕೇ ಮುಂದಿನ ಗಾಡಿಯವನು ಮೊದಲು ಇಳಿದು ನಡೆಯಬೇಕು. ಕೋಲು ಹಿಡಿದು, ಚಕ್ರ ಹೋಗುವ ಎರಡೂ ಸಾಲಿನಲ್ಲಿ ನಡೆದು ನೋಡಬೇಕು. ಕಾಲು ನಿಲ್ಲದಷ್ಟು ಸೆಳೆತ ಇದ್ದರೆ ಗಾಡಿ ಇಳಿಸಲೇಬಾರದು. ಹೊಸಬರಿಗೆ ಇದನ್ನು ಹೇಳಿಕೊಡುವವನು ನಾನೇ.

ಆ ದಿನ ನಾನು ಇಳಿಯಲಿಲ್ಲ.

ನೀವೆಲ್ಲ ಇನ್ನೂ ತಿರುವಿನ ಆಚೆ ಇದ್ದಿರಿ. ಯಾರಿಗೂ ಕಾಣುತ್ತಿರಲಿಲ್ಲ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ನಿಧಾನಕ್ಕೆ ಓಡಿಸುವ ಗೇರು) ಹಾಕಿ, ಎರಡನೇ ಗೇರಿನಲ್ಲಿ, ಎಡಗಡೆಯ ಕಲ್ಲುಹಾಸಿನ ಮೇಲೆ ಒಂದೇ ಸಮ ದಾಟಿದೆ. ಸಿಕ್ಕಿದ್ದು ಅದೃಷ್ಟದ ದಾರಿ. ದಡ ಹತ್ತಿದಾಗ ವಾಕಿಟಾಕಿಯಲ್ಲಿ ನಿನ್ನ ದನಿ ಬಂತು: ‘ನಡೆದು ನೋಡಿದ್ಯಾ? ಎಷ್ಟಿದೆ?’

‘ನೋಡಿದೆ. ಮೊಣಕಾಲುದ್ದ. ಬಾ’ ಅಂದೆ.

ನೀನು ನಂಬಿ ಬಂದೆ. ನನ್ನ ದಾರಿಗಿಂತ ನಾಲ್ಕೇ ಅಡಿ ಬಲಕ್ಕೆ. ಮುಂದಿನ ಚಕ್ರ ಗುಂಡಿಗೆ ಬಿತ್ತು, ಬಾನೆಟ್ ಮುಗ್ಗರಿಸಿತು. ಆ ಗಳಿಗೆಯಲ್ಲಿ ಯಾರ ಕಾಲಾದರೂ ಕ್ಲಚ್ ಮೇಲೆ ಹೋಗುತ್ತದೆ. ಒತ್ತಿದರೆ ಚಕ್ರಕ್ಕೆ ಬಲ ತಪ್ಪಿ ಗಾಡಿಯ ಓಟ ನಿಲ್ಲುತ್ತದೆ. ಗಾಡಿ ಅಲ್ಲಿವರೆಗೆ ಮುಂದಕ್ಕೆ ತಳ್ಳಿಕೊಂಡು ಬಂದ ಅಲೆ ಹಿಂದಕ್ಕೆ ಬಂದು ಬಾನೆಟ್ ಮೇಲೆ ಬಿತ್ತು. ಎಂಜಿನ್ ನಿಂತಿತು. ಹಿಂಭಾಗ ಮೆಲ್ಲಗೆ ಮೇಲೆದ್ದು ಒಂದಡಿ ಪಕ್ಕಕ್ಕೆ ಸರಿಯಿತು. ನಿನ್ನ ವೈಪರ್ ಮಾತ್ರ ಆಚೆ ಈಚೆ ಆಡುತ್ತಲೇ ಇತ್ತು. ಗಾಜಿನ ಹಿಂದೆ ನಿನ್ನ ಮುಖ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ವೈಪರೇ.

ನೀನು ಸೆಲ್ಫ್ ಹೊಡೆಯಲಿಲ್ಲ. ಅದನ್ನು ಎಲ್ಲರೂ ಗಮನಿಸಲಿ. ಸಿಲಿಂಡರಿಗೆ ನೀರು ಹೊಕ್ಕಾಗ ಸೆಲ್ಫ್ ಹೊಡೆದಿದ್ದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಿಹೋಗಬಹುದಿತ್ತು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬಾಗಿಲಲ್ಲಿ ನೀರು ಬರುತ್ತಿದ್ದರೂ ನೀನು ಕೀಲಿಯಿಂದ ಕೈ ತೆಗೆದು ಕೂತೆ. ಹಗ್ಗ ಕಟ್ಟುವಾಗ ಬರೀ ಟೋ ಬಾಲ್‌ಗೆ (ಟ್ರೇಲರ್ ಸಿಕ್ಕಿಸುವ ಗುಂಡು) ಸಿಕ್ಕಿಸಲು ಹೋದವರನ್ನು ಕೂಗಿ ತಡೆದದ್ದೂ ನೀನೇ. ಅದು ಕಿತ್ತು ಬಂದರೆ ಗುಂಡಿನ ಹಾಗೆ ಹಾರುತ್ತದೆ. ಹಗ್ಗದ ಮೇಲೆ ಒದ್ದೆ ಚೀಲ ಹಾಕಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಆಮೇಲೆ ‘ಎಳೀರಿ’ ಅಂದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿದಾಗ ಚಿಮ್ಮಿದ ನೀರು ಯಾರ ಮುಖಕ್ಕೆ ಹೊಡೆಯಿತು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಕೊಟ್ಟ ಮಾತು.

ಯಾಕೆ ಹಾಗಂದೆ ಅಂತ ಈ ನಾಲ್ಕು ದಿನ ಯೋಚಿಸಿದೆ. ತಣ್ಣೀರಿಗೆ ಕಾಲಿಡಲು ಸೋಮಾರಿತನ ಅಂದುಕೊಂಡೆ. ಅದಲ್ಲ. ಅದಕ್ಕೆ ಮೊದಲು ಆ ಕಲ್ಲಿನ ಏರು ಇತ್ತಲ್ಲ, ನಾನು ಮೂರು ಸಲ ಜಾರಿ ನಾಲ್ಕನೇ ಸಲ ಹತ್ತಿದೆ. ನೀನು ಒಂದೇ ಸಲಕ್ಕೆ, ಒಂದು ಚಕ್ರವೂ ಸುಮ್ನೆ ತಿರುಗದ ಹಾಗೆ ಹತ್ತಿ ಬಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಆದರೆ ಒಳಗೆ ಏನೋ ಚುಚ್ಚಿತು. ಹೊಳೆ ಬಂದಾಗ, ಇದನ್ನು ನಾನು ನಡೆಯದೆಯೇ ದಾಟಬಲ್ಲೆ ಅಂತ ತೋರಿಸಬೇಕಿತ್ತು. ಯಾರಿಗೆ? ನನಗೇ ಇರಬೇಕು. ಹನ್ನೆರಡು ವರ್ಷದ ಸ್ನೇಹದಲ್ಲಿ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತು ಅಂತ ಆ ಹೊಳೆಯ ದಡದಲ್ಲಿ ಗೊತ್ತಾಯಿತು. ಆ ದಿನ ಮಾತ್ರ ಅಲ್ಲ, ಮೊದಲಿಂದಲೂ ಇತ್ತೋ ಏನೋ. ಅದಕ್ಕೆ ನಿನ್ನನ್ನು ನೀರಿಗೆ ಇಳಿಸಿದೆ. ಕ್ಷಮಿಸು ಅನ್ನುವುದನ್ನು ಬರೆದು ಮುಗಿಸಲು ಆಗುವುದಿಲ್ಲ, ಎದುರಿಗೆ ಬಂದು ಹೇಳುತ್ತೇನೆ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ ಕಣೋ. ಓದುತ್ತಿರುವವರೆಲ್ಲ ಈಗ ಸ್ವಲ್ಪ ಆಚೆ ಹೋಗಿ ಬನ್ನಿ.

ಸರಿ, ಗಾಡಿ ವಿಷಯಕ್ಕೆ ಬರೋಣ. ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಎರಡು ಚಕ್ರಕ್ಕೂ ಬಲ ಹಂಚುವ ಗೇರು) ಆಯಿಲ್ ನೋಡದೆ ಓಡಿಸಬೇಡ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಂಡಿರುತ್ತದೆ. ಆಯಿಲ್ ಬಿಳಿಚಿಕೊಂಡಿದ್ದರೆ ಮುಂದೆ, ಹಿಂದೆ ಎರಡೂ ಬದಲಿಸಬೇಕು. ಆಕ್ಸಲ್ ಒಳಗೆ ಗಾಳಿ ಹೋಗಿ ಬರುವ ಬ್ರೀದರ್ ಪೈಪನ್ನೂ ಬಾನೆಟ್ ಎತ್ತರಕ್ಕೆ ಏರಿಸೋಣ. ಭಾನುವಾರ ಬೆಳಗ್ಗೆ ಬರುತ್ತೇನೆ. ಸ್ಪ್ಯಾನರ್ ಸೆಟ್ ನನ್ನದು, ಹಳೇ ಬೇಸಿನ್ ನಿನ್ನದು, ಉಪದೇಶ ಕಂಡಕ್ಟರ್ ಸಾಹೇಬರದು.

ಒಂದು ಉದ್ದನೆಯ ಬಿದಿರು ಕೋಲು ತಂದು ಅಡಿಗೊಂದು ಕೆಂಪು ಗೆರೆ ಎಳೆದಿದ್ದೇನೆ. ಬಣ್ಣ ಇನ್ನೂ ಒಣಗಿಲ್ಲ. ಮುಂದಿನ ಸಲ ಎಲ್ಲರಿಗಿಂತ ಮುಂದೆ ಹೋಗುವ ಗಾಡಿ ನಿನ್ನದು, ಆದರೆ ನೀರಿಗೆ ಮೊದಲು ಇಳಿಯುವ ಕಾಲು ನನ್ನದು.

ಚಪ್ಪಲಿಯನ್ನೂ ತರುತ್ತೇನೆ. ಬಲಗಾಲಿನದು ನಿನ್ನ ಹತ್ತಿರ ಇದೆ ತಾನೇ?

ನಿನ್ನವನು