ಇಲ್ಲದ ಫಿಲ್ಟರ್‌ಗೆ ಬಿಲ್, ಬಿಗಿಯಾದ ವಾಲ್ವ್: ನನ್ನ ಬೀಟಲ್ ಸರ್ವಿಸ್ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಹೋದ ಶನಿವಾರ ನನ್ನ 1969ರ ಫೋಕ್ಸ್‌ವ್ಯಾಗನ್ ಬೀಟಲ್ ಅನ್ನು ನಿಮ್ಮ ಗ್ಯಾರೇಜಿಗೆ ಬಿಟ್ಟಿದ್ದೆ. ಹೇಳಿದ್ದು ಎರಡೇ ಕೆಲಸ: ಆಯಿಲ್ ಚೇಂಜ್, ಟ್ಯಾಪೆಟ್ ಸೆಟ್ಟಿಂಗ್ (ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು ಹೊಂದಿಸುವುದು). ಎರಡೂ ಸರಿಯಾಗಿ ಆಗಿಲ್ಲ.

ಬಿಲ್ಲಿನಲ್ಲಿ ಆಯಿಲ್ ಫಿಲ್ಟರ್ ಅಂತ 380 ರೂಪಾಯಿ ಹಾಕಿದ್ದೀರಿ. ಈ ಇಂಜಿನ್‌ನಲ್ಲಿ ಅಂಥ ಫಿಲ್ಟರೇ ಇಲ್ಲ. ಕೆಳಗೆ ಒಂದು ತಂತಿ ಜಾಲರಿ ಇದೆ. ಆರು ನಟ್ ಬಿಚ್ಚಿ, ಪ್ಲೇಟ್ ಇಳಿಸಿ, ಜಾಲರಿ ತೊಳೆದು, ಹೊಸ ಪೇಪರ್ ಪ್ಯಾಕಿಂಗು, ತಾಮ್ರದ ವಾಷರ್ ಹಾಕಿ ಮತ್ತೆ ಕೂರಿಸಬೇಕು. ನಿಮ್ಮವರು ನಡುವಿನ ಡ್ರೈನ್ ಪ್ಲಗ್ ಮಾತ್ರ ಬಿಚ್ಚಿದ್ದಾರೆ. ಮನೆಯಲ್ಲಿ ನಾನೇ ಪ್ಲೇಟ್ ಇಳಿಸಿದೆ. ಹಳೇ ಪ್ಯಾಕಿಂಗ್ ಹಾಗೇ ಅಂಟಿಕೊಂಡಿತ್ತು, ಜಾಲರಿ ತುಂಬಾ ಕಪ್ಪು ಗಸಿ. ಇದಕ್ಕೆ ಹಿಡಿಯುವುದು ಎರಡೂವರೆ ಲೀಟರ್ ಆಯಿಲ್, ಇಳಿಸಿ ಅಳೆದರೆ ಮೂರೂವರೆ ಬಂತು! ಡಿಪ್‌ಸ್ಟಿಕ್ ಒಮ್ಮೆ ಎಳೆದು ನೋಡಿದ್ದರೆ ಸಾಕಿತ್ತು, ಅಲ್ವಾ?

ನನಗೆ ಜಾಸ್ತಿ ಸಂಕಟ ಆಗಿದ್ದು ವಾಲ್ವ್ ನೋಡಿ. ಗಾಡಿ ಕೊಡುವಾಗ ನಿಮ್ಮ ಮೆಕ್ಯಾನಿಕ್ "ಟ್ಯಾಪೆಟ್ ಸೌಂಡ್ ಒಂಚೂರೂ ಇಲ್ಲ ಸಾರ್" ಅಂತ ಖುಷಿಯಿಂದ ಹೇಳಿದರು. ನನ್ನ ಎದೆ ಧಸಕ್ಕೆಂದಿತು. ಈ ಇಂಜಿನ್ ಸ್ವಲ್ಪ ಟಕಟಕ ಅಂದರೇನೇ ಕ್ಷೇಮ, ಸಂದು ಇದೆ ಅಂತ ಅರ್ಥ. 18 ಕಿ.ಮೀ. ಓಡಿಸಿಕೊಂಡು ಬಂದು ಹತ್ತು ಗಂಟೆಗೆ ಬಿಟ್ಟಿದ್ದೆ, ಹನ್ನೊಂದೂವರೆಗೇ ರೆಡಿ ಅಂತ ಫೋನ್ ಬಂತು. ಇಂಜಿನ್ ಪೂರ್ತಿ ತಣ್ಣಗಾಗದೆ ಟ್ಯಾಪೆಟ್ ಮುಟ್ಟಬಾರದು, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮಾಡುವ ಕೆಲಸ ಅದು ಅಂತ ನಾನು ಹೇಳಿದ್ದೆ, ಜಾಬ್ ಕಾರ್ಡಿನಲ್ಲೂ ಬರೆಸಿದ್ದೆ.

ಮಾರನೇ ದಿನ ಬೆಳಿಗ್ಗೆ ವಾಲ್ವ್ ಕವರ್ ತೆಗೆದು, ಸಂದು ಅಳೆಯುವ ತೆಳು ಲೋಹದ ಎಲೆಗಳ ಫೀಲರ್ ಗೇಜ್ ಹಾಕಿದೆ. ಇರಬೇಕಾದ ಸಂದು 0.15 ಮಿ.ಮೀ. ಮೂರನೇ ಸಿಲಿಂಡರಿನ ಎಗ್ಸಾಸ್ಟ್ ವಾಲ್ವ್‌ಗೆ 0.05ರ ಎಲೆಯೂ ತೂರಲಿಲ್ಲ. ಅದೇ ಸಿಲಿಂಡರ್ ನೋಡಿ! ಆಯಿಲ್ ಕೂಲರ್ ಅದಕ್ಕೆ ಹೋಗುವ ಗಾಳಿಗೇ ಅಡ್ಡ ನಿಂತಿರುತ್ತದೆ, ಹಾಗಾಗಿ ಮೊದಲೇ ಅದಕ್ಕೆ ಬಿಸಿ ಜಾಸ್ತಿ. ಸಂದು ಇಲ್ಲದೆ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಅದರ ಬಿಸಿ ಸಿಲಿಂಡರ್ ಹೆಡ್‌ಗೆ ಇಳಿಯುವುದಿಲ್ಲ, ಅದು ಸುಟ್ಟು ಒಂದು ದಿನ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ. ಆಮೇಲೆ ಇಂಜಿನ್ನೇ ಇಳಿಸಬೇಕು. ನಮ್ಮಪ್ಪ ಮೂವತ್ತು ವರ್ಷ ಈ ಟಕಟಕ ಕೇಳಿಸಿಕೊಂಡೇ ಗಾಡಿ ಕಾಪಾಡಿದವರು.

ಎಲ್ಲವನ್ನೂ ನಾನೇ ಸರಿ ಮಾಡಿಕೊಂಡಿದ್ದೇನೆ. ಫಿಲ್ಟರಿನ 380 ರೂಪಾಯಿ, ಟ್ಯಾಪೆಟ್ ಸೆಟ್ಟಿಂಗ್ ಕೂಲಿ, ದಂಡವಾದ ಆಯಿಲ್ ದುಡ್ಡು, ಇಷ್ಟೂ ವಾಪಸ್ ಕೊಡಿ. ಯಾವ ಪುಸ್ತಕ ನೋಡಿ, ಎಷ್ಟು ಸಂದು ಇಟ್ಟಿರಿ ಅಂತ ಬರೆದು ತಿಳಿಸಿ. ನಿಮ್ಮಲ್ಲಿ ಇತ್ತೀಚೆಗೆ ಟ್ಯಾಪೆಟ್ ಮಾಡಿಸಿಕೊಂಡ ಬೇರೆ ಬೀಟಲ್ ಇದ್ದರೆ ಅವರಿಗೆ ಇವತ್ತೇ ಫೋನ್ ಮಾಡಿ, ಚೆಕ್ ಮಾಡುವ ತನಕ ಓಡಿಸಬೇಡಿ ಅಂತ ಹೇಳಿ. ಬಿಲ್ಲು, ಜಾಬ್ ಕಾರ್ಡು, ಜಾಲರಿಯ ಫೋಟೋ ಜೊತೆಗಿಟ್ಟಿದ್ದೇನೆ. ಏಳು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ